ಮಳೆ, ಸಿಡಿಲು, ಬರ ಮತ್ತು ನಮ್ಮ ವಿದ್ಯುತ್ ಜಾಲ: ಪದೇ ಪದೇ ಕೇಳುವ ಪ್ರಶ್ನೆಗಳು

ಹವಾಮಾನ ವಿಪರೀತಕ್ಕೆ ಹೋದಾಗ ನಮ್ಮ ಭಾಗದ ವಿದ್ಯುತ್ ಜಾಲ ಎಷ್ಟರಮಟ್ಟಿಗೆ ತಾಳಿಕೊಳ್ಳುತ್ತದೆ, ಎಲ್ಲಿ ಸೋಲುತ್ತದೆ, ಸೋತಮೇಲೆ ಹೇಗೆ ಎದ್ದು ನಿಲ್ಲುತ್ತದೆ ಎಂಬುದರ ಸುತ್ತ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಲಾಗಿದೆ. ಹೆಚ್ಚಿನ ಮಾತು ಕರ್ನಾಟಕದ್ದು, ಅದರಲ್ಲೂ ಮಲೆನಾಡು ಮತ್ತು ಕರಾವಳಿಯದು. ಅಗತ್ಯವಿದ್ದಲ್ಲಿ ಬೇರೆ ಊರುಗಳ ಅನುಭವವನ್ನೂ ತಂದುಕೊಳ್ಳಲಾಗಿದೆ.

ವಿದ್ಯುತ್ ಜಾಲದ ತಾಳಿಕೆ ಎಂದರೆ ಏನು?

ಎಂದೂ ಕೆಡದ ಜಾಲವನ್ನು ಯಾವ ದೇಶವೂ ಕಟ್ಟಿಲ್ಲ. ಆದ್ದರಿಂದ ತಾಳಿಕೆಯನ್ನು ಅಳೆಯುವಾಗ ಮೂರು ಸಂಗತಿ ನೋಡಬೇಕು: ಬಿರುಗಾಳಿಗೆ ಎಷ್ಟು ಮನೆಗಳು ಕತ್ತಲಾದವು, ಒಂದು ಕಡೆಯ ದೋಷ ಎಷ್ಟು ದೂರ ಹಬ್ಬಿತು, ಕಟ್ಟಕಡೆಯ ಮನೆಗೆ ಕರೆಂಟ್ ಮರಳಲು ಎಷ್ಟು ದಿನ ಹಿಡಿಯಿತು. ಮೊದಲೆರಡಕ್ಕೆ ಎಂಜಿನಿಯರುಗಳು ಸಾಕಷ್ಟು ಗಮನ ಕೊಟ್ಟಿದ್ದಾರೆ, ನಮ್ಮ ದೇಶದಲ್ಲಿ ಅದರ ಫಲವೂ ಕಾಣುತ್ತಿದೆ. ಮೂರನೆಯದು ಮಾತ್ರ ಸರಾಸರಿ ಲೆಕ್ಕದೊಳಗೆ ಹೂತುಹೋಗುತ್ತದೆ. ಒಂದು ತಾಲ್ಲೂಕಿನ ನೂರಕ್ಕೆ ತೊಂಬತ್ತು ಮನೆಗಳಿಗೆ ಸಂಜೆಯೊಳಗೆ ಬೆಳಕು ಬಂದರೆ ವರದಿ ಚೆನ್ನಾಗಿಯೇ ಕಾಣುತ್ತದೆ, ಉಳಿದ ಹತ್ತು ಮನೆಗಳು ಆರು ದಿನ ಕತ್ತಲೆಯಲ್ಲಿದ್ದದ್ದು ಅದರಲ್ಲಿ ಕಾಣುವುದಿಲ್ಲ. ಜಾಲದ ನಿಜವಾದ ಪರೀಕ್ಷೆ ಆ ಹತ್ತು ಮನೆಗಳಲ್ಲಿ ನಡೆಯುತ್ತದೆ ಎಂಬುದು ಈ ಬರಹದ ನಿಲುವು.

ಪ್ರಾದೇಶಿಕ ಜಾಲವನ್ನು ನಡೆಸುವವರು ಯಾರು?

ಭಾರತದ ವಿದ್ಯುತ್ ಜಾಲವನ್ನು ಉತ್ತರ, ಪಶ್ಚಿಮ, ದಕ್ಷಿಣ, ಪೂರ್ವ ಮತ್ತು ಈಶಾನ್ಯ ಎಂದು ಐದು ಪ್ರದೇಶಗಳಾಗಿ ವಿಂಗಡಿಸಲಾಗಿದೆ. ದಕ್ಷಿಣ ಪ್ರದೇಶದ ಹೊರೆ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದ್ದು, ಉತ್ಪಾದನೆ ಮತ್ತು ಬಳಕೆಯ ತಕ್ಕಡಿಯನ್ನು ಹಗಲಿರುಳು ಸಮತೂಕದಲ್ಲಿಡುವುದು ಅದರ ಕೆಲಸ. ರಾಜ್ಯದೊಳಗೆ ದೊಡ್ಡ ಗೋಪುರಗಳ ಪ್ರಸರಣ ಮಾರ್ಗಗಳನ್ನು ಕೆಪಿಟಿಸಿಎಲ್ ನೋಡಿಕೊಳ್ಳುತ್ತದೆ. ಊರಿನ ಕಂಬ, ತಂತಿ, ಟಿಸಿಗಳು (ಮನೆಗಳಿಗೆ ತಕ್ಕಂತೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್‌ಗಳು) ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಮತ್ತು ಮೈಸೂರಿನ ಸೆಸ್ಕ್ ಎಂಬ ಐದು ವಿತರಣಾ ಕಂಪನಿಗಳ ಹೊಣೆ.

ದೇಶವನ್ನೆಲ್ಲ ಒಂದೇ ಜಾಲಕ್ಕೆ ಕಟ್ಟಿದ್ದರಿಂದ ಅಪಾಯ ಹೆಚ್ಚಿತೆ, ಕಡಿಮೆಯಾಯಿತೆ?

ಎರಡೂ ಮಾತಿಗೆ ಸಾಕ್ಷಿಗಳಿವೆ. 2012ರ ಜುಲೈ 30ರಂದು ಉತ್ತರದ ಜಾಲ ಕುಸಿಯಿತು, ಮರುದಿನ ಉತ್ತರ, ಪೂರ್ವ, ಈಶಾನ್ಯ ಮೂರೂ ಒಟ್ಟಿಗೆ ಕುಸಿದು ಅರವತ್ತು ಕೋಟಿಗೂ ಹೆಚ್ಚು ಜನರಿದ್ದ ಪ್ರದೇಶಕ್ಕೆ ಕತ್ತಲೆ ಕವಿಯಿತು. ಆ ವರ್ಷ ಉತ್ತರದಲ್ಲಿ ಮುಂಗಾರು ತಡವಾಗಿ, ಗದ್ದೆಗೆ ನೀರೆತ್ತುವ ಪಂಪುಗಳ ಹೊರೆ ಏರಿತ್ತು. ಅಂಥ ಹೊತ್ತಿನಲ್ಲಿ ಬೀನಾ–ಗ್ವಾಲಿಯರ್ ನಡುವಿನ 400 ಕೆವಿ (ಕಿಲೋವೋಲ್ಟ್) ಮಾರ್ಗ ಟ್ರಿಪ್ ಆದದ್ದು, ಅಂದರೆ ತಾನಾಗಿ ಕಡಿದುಕೊಂಡದ್ದು, ಕುಸಿತಕ್ಕೆ ಮೊದಲಾಯಿತು. ಆಗ ದಕ್ಷಿಣ ಭಾರತ ಉಳಿದುಕೊಂಡದ್ದಕ್ಕೆ ಕಾರಣ, ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವ ಮಾರ್ಗದಂಥ ಡಿಸಿ (ನೇರ ಪ್ರವಾಹದ) ಕೊಂಡಿಗಳ ಮೂಲಕ ಮಾತ್ರ ನಮ್ಮ ಜಾಲ ಉಳಿದ ದೇಶದೊಂದಿಗೆ ಸೇರಿಕೊಂಡಿತ್ತು. ಡಿಸಿ ಕೊಂಡಿ ವಿದ್ಯುತ್ತನ್ನು ದಾಟಿಸುತ್ತದೆ, ಆದರೆ ಆಚೆಯ ಏರುಪೇರನ್ನು ಈಚೆಗೆ ಹಾಗೆಯೇ ಹರಿಯಬಿಡುವುದಿಲ್ಲ.

ಮುಂದಿನ ವರ್ಷ, 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣವೂ ಉಳಿದ ಜಾಲದ ತಾಳಕ್ಕೆ ಸೇರಿತು. ಅಂದಿನಿಂದ ಕಾಶ್ಮೀರದ ಫ್ಯಾನೂ ಕಾರವಾರದ ಮಿಕ್ಸಿಯೂ ಒಂದೇ 50 ಹರ್ಟ್ಜ್ ಆವರ್ತನದಲ್ಲಿ ನಡೆಯುತ್ತಿವೆ. ಹಾಗಾದರೆ ದೂರದ ದೋಷ ಈಗ ನಮ್ಮನ್ನೂ ಕೆಡವಬಲ್ಲದೆ? ಸಿದ್ಧಾಂತದ ಮಟ್ಟಿಗೆ ಹೌದು. ಆದರೆ ಒಬ್ಬಂಟಿಯಾಗಿ ಉಳಿದವರ ಕಷ್ಟವನ್ನೂ ನೋಡಬೇಕು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿ ಬೀಸಿದಾಗ ಅನಿಲದ ಬಾವಿ, ಕೊಳವೆ, ಸ್ಥಾವರಗಳು ಹೆಪ್ಪುಗಟ್ಟಿ, ನಲವತ್ತೈದು ಲಕ್ಷದಷ್ಟು ಮನೆ ಮತ್ತು ವ್ಯಾಪಾರ ಸ್ಥಳಗಳಿಗೆ ವಿದ್ಯುತ್ ತಪ್ಪಿತು. ಆ ರಾಜ್ಯದ ಬಹುಭಾಗದ ಜಾಲ ನೆರೆಯ ಜಾಲಗಳಿಂದ ಬೇರೆಯಾಗಿಯೇ ಉಳಿದಿರುವುದರಿಂದ ಹೊರಗಿನಿಂದ ತರಿಸಿಕೊಳ್ಳಲು ಕೆಲವೇ ಸಣ್ಣ ಕೊಂಡಿಗಳಿದ್ದವು. ಇನ್ನು 4 ನಿಮಿಷ 37 ಸೆಕೆಂಡು ತಡವಾಗಿದ್ದರೆ ಇಡೀ ಜಾಲವೇ ಕುಸಿದು, ಎಬ್ಬಿಸಲು ವಾರಗಳೇ ಹಿಡಿಯುವ ಸಂಭವವಿತ್ತೆಂದು ಅದರ ನಿರ್ವಾಹಕರು ಆಮೇಲೆ ತಿಳಿಸಿದರು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 246 ಮಂದಿ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡಿಗರು ಆ ವಾರವನ್ನು ಮರೆತಿರಲಾರರು. ಕೊಂಡಿ ಇರಬೇಕು, ಅಪಾಯ ಬಂದಾಗ ಬಿಡಿಸಿಕೊಳ್ಳುವ ಏರ್ಪಾಡೂ ಇರಬೇಕು.

ವಿದ್ಯುತ್ ಹುಟ್ಟುವ ಮಲೆನಾಡಿನಲ್ಲೇ ಮಳೆಗಾಲ ಬಂದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲವಲ್ಲ, ಏಕೆ?

ಈ ಪ್ರಶ್ನೆಯ ಹಿಂದೆ ನೋವಿದೆ, ಅದು ನ್ಯಾಯವಾದ ನೋವು. ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಇಂದು ಅದೇ ಕಾಡಿನ ಅಂಚಿನಲ್ಲಿ ಕತ್ತಲೆಯಲ್ಲಿ ಕೂರುತ್ತಾರೆ. 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ಕೇಂದ್ರದಿಂದ ಹೊರಟ ಮಾರ್ಗಗಳು ಅವರ ತಲೆಯ ಮೇಲೆಯೇ ಹಾದುಹೋಗುತ್ತವೆ.

ತಾಂತ್ರಿಕ ಕಾರಣ ಸರಳವಾಗಿದೆ. 400 ಕೆವಿ ಮಾರ್ಗಕ್ಕೆಂದು ಸುಮಾರು 46 ಮೀಟರ್ ಅಗಲದ ದಾರಿಯನ್ನು ಮರಗಳಿಲ್ಲದಂತೆ ತೆರವು ಮಾಡಿಕೊಳ್ಳಲಾಗುತ್ತದೆ, ಅದರ ತಂತಿಗಳು ಗೋಪುರದ ಎತ್ತರದಲ್ಲಿರುತ್ತವೆ. ಹಳ್ಳಿಗೆ ಬರುವ 11 ಕೆವಿ ಮಾರ್ಗಕ್ಕೆ ಸಿಗುವುದು 7 ಮೀಟರ್ ಮಾತ್ರ, ಕಂಬದ ಎತ್ತರವೋ ಎಂಟು ಒಂಬತ್ತು ಮೀಟರ್. ಅದರ ಎರಡೂ ಪಕ್ಕದಲ್ಲಿ ನಿಂತಿರುವ ನಂದಿ, ಹೊನ್ನೆ, ಹಲಸಿನ ಮರಗಳು ಇಪ್ಪತ್ತು ಮೀಟರ್ ಮೀರಿ ಬೆಳೆದಿರುತ್ತವೆ. ಕೊಂಬೆ ಕಡಿದರೂ ಬುಡ ಸಡಿಲವಾಗಿ ಇಡೀ ಮರವೇ ಉರುಳಿದಾಗ ಏಳು ಮೀಟರಿನ ದಾರಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಜುಲೈ ಹೊತ್ತಿಗೆ ನೆಲ ನೀರು ಕುಡಿದು ಮೆತ್ತಗಾಗಿ, ಮರದ ಬೇರಿಗೂ ಕಂಬದ ಗುಂಡಿಗೂ ಹಿಡಿತವೇ ಉಳಿಯುವುದಿಲ್ಲ.

ಇದರ ಜತೆಗೆ ಫೀಡರಿನ, ಅಂದರೆ ಉಪಕೇಂದ್ರದಿಂದ ಊರುಗಳಿಗೆ ಬರುವ ಮಾರ್ಗದ, ಉದ್ದ ಸೇರಿಕೊಳ್ಳುತ್ತದೆ. ಬಯಲುಸೀಮೆಯಲ್ಲಿ ಊರು ಒಂದೇ ಕಡೆ ಗುಂಪಾಗಿರುತ್ತದೆ. ಇಲ್ಲಿ ಒಂದೊಂದು ಮನೆ ಒಂದೊಂದು ಗುಡ್ಡದ ಮಗ್ಗುಲಲ್ಲಿ. ಹೀಗಾಗಿ ಒಂದು ಉಪಕೇಂದ್ರದಿಂದ ಹೊರಟ ಮಾರ್ಗ ಕವಲೊಡೆದು ಕವಲೊಡೆದು ಹತ್ತಾರು ಕಿಲೋಮೀಟರ್ ಹಬ್ಬುತ್ತದೆ, ಅದರಲ್ಲಿ ಎಲ್ಲಿ ಒಂದು ಕೊಂಬೆ ತಾಗಿದರೂ ಉಪಕೇಂದ್ರದ ಬ್ರೇಕರ್ (ದೋಷ ಕಂಡೊಡನೆ ತಾನಾಗಿ ಮಾರ್ಗ ಕಡಿಯುವ ಸ್ವಿಚ್) ಬಿದ್ದು ಎಲ್ಲರಿಗೂ ಕರೆಂಟ್ ಹೋಗುತ್ತದೆ.

ದೋಷ ಹುಡುಕುವ ಕೆಲಸವನ್ನು ಹತ್ತಿರದಿಂದ ನೋಡಿದರೆ ವಿಳಂಬದ ಅರ್ಥ ತಿಳಿಯುತ್ತದೆ. ನಮ್ಮ ತೋಟದ ಅಂಚಿನಲ್ಲಿ ಕಳೆದೊಂದು ಮಳೆಗಾಲದಲ್ಲಿ ಕಂಡದ್ದು ಹೀಗಿತ್ತು. ಲೈನ್‌ಮನ್ ಒಬ್ಬರು ಸಹಾಯಕನೊಂದಿಗೆ ಮೊದಲು ಕವಲಿನ ಸ್ವಿಚ್ಚನ್ನು ಕೆಳಗೆಳೆದು ತೆರೆದರು. ಆಮೇಲೆ ಮೊಬೈಲಿಗೆ ಸಿಗ್ನಲ್ ಸಿಗುವ ದಿಬ್ಬದವರೆಗೆ ನಡೆದುಹೋಗಿ, ಲೈನ್ ಚಾರ್ಜ್ ಮಾಡುವಂತೆ, ಅಂದರೆ ಮತ್ತೆ ವಿದ್ಯುತ್ ಹರಿಸುವಂತೆ, ಉಪಕೇಂದ್ರಕ್ಕೆ ತಿಳಿಸಿದರು. ಬ್ರೇಕರ್ ಬೀಳದೆ ನಿಂತಿತು ಎಂದ ಮೇಲೆ ದೋಷ ನಮ್ಮ ಕವಲಿನಲ್ಲೇ ಇದೆ ಎಂದು ಗೊತ್ತಾಯಿತು. ಅಲ್ಲಿಂದ ಮುಂದೆ ಜಿಗಣೆ ಕಿತ್ತುಹಾಕುತ್ತ, ಕಂಬದಿಂದ ಕಂಬಕ್ಕೆ ತಲೆಯೆತ್ತಿ ನೋಡುತ್ತ, ಹಳ್ಳದ ಆಚೆ ತಂತಿಯ ಮೇಲೆ ಒರಗಿದ್ದ ಬೈನೆಮರವನ್ನು ಕಂಡುಹಿಡಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮತ್ತೆ ದಿಬ್ಬಕ್ಕೆ ಬಂದು ಎಲ್‌ಸಿ (ಲೈನ್ ನಿಲ್ಲಿಸಿ ಕೆಲಸ ಮಾಡಲು ಅನುಮತಿ) ಪಡೆದು, ತಂತಿಗೆ ಅರ್ಥ್ ರಾಡ್ ತಗುಲಿಸಿ, ಆಮೇಲೆಯೇ ಗರಗಸ ಹಿಡಿದರು. ಒಂದು ಮರಕ್ಕೆ ಅರ್ಧ ದಿನ ಹಿಡಿಯಿತು. ದೊಡ್ಡ ಗಾಳಿಯ ರಾತ್ರಿ ಒಂದು ಶಾಖೆಯ ವ್ಯಾಪ್ತಿಯಲ್ಲಿ ಇಂಥ ಮರಗಳು ಐವತ್ತು ಬಿದ್ದಿರಬಹುದು, ಅಷ್ಟು ಕಡೆಗೆ ಓಡಾಡುವ ಕೈಗಳು ಬೆರಳೆಣಿಕೆಯವು.

ಸಣ್ಣ ಗಾಳಿ ಬೀಸಿದೊಡನೆ ಕರೆಂಟ್ ತೆಗೆದುಬಿಡುತ್ತಾರೆ ಎಂಬ ದೂರು ನಿಜವೆ?

ಬಹಳ ಸಲ ಅದನ್ನು ಯಾರೂ ತೆಗೆದಿರುವುದಿಲ್ಲ, ತಂತಿಗೆ ತಂತಿ ತಾಗಿಯೋ ಕೊಂಬೆ ಸವರಿಯೋ ಬ್ರೇಕರ್ ತಾನಾಗಿ ಬಿದ್ದಿರುತ್ತದೆ. ಬಿರುಗಾಳಿ ನಡೆದಿರುವಾಗ ಮತ್ತೆ ಮತ್ತೆ ಚಾರ್ಜ್ ಮಾಡುವುದು ಸುರಕ್ಷಿತವಲ್ಲ. ತುಂಡಾದ ತಂತಿ ಕಾಲುದಾರಿಯಲ್ಲೋ ಗದ್ದೆಯ ನೀರಿನಲ್ಲೋ ಬಿದ್ದಿದ್ದರೆ ಆ ಒಂದು ಪ್ರಯತ್ನವೇ ಜೀವ ತೆಗೆಯಬಹುದು. ಗಾಳಿ ನಿಂತ ಮೇಲೂ ಗಂಟೆಗಟ್ಟಲೆ ಮಾಹಿತಿ ಕೊಡದೆ ಸುಮ್ಮನಿರುವುದು ಮಾತ್ರ ಒಪ್ಪತಕ್ಕದ್ದಲ್ಲ. ಯಾವ ಫೀಡರ್ ನಿಂತಿದೆ, ಹುಡುಕಾಟ ಎಲ್ಲಿಗೆ ಬಂದಿದೆ ಎಂದು ಊರಿನ ವಾಟ್ಸಾಪ್ ಗುಂಪಿಗೆ ಎರಡು ಸಾಲು ಹಾಕಿದರೆ ಜನರ ಸಿಟ್ಟು ಅರ್ಧ ಇಳಿಯುತ್ತದೆ.

ಮಳೆಗಾಲಕ್ಕಿಂತ ಏಪ್ರಿಲ್, ಮೇ ತಿಂಗಳ ಸಿಡಿಲಿಗೇ ಟಿಸಿಗಳು ಹೆಚ್ಚು ಸುಡುವುದೇಕೆ?

ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸಲು ಟಿಸಿಯ ಮೇಲೆ ಲೈಟ್ನಿಂಗ್ ಅರೆಸ್ಟರ್ ಕೂರಿಸಿರುತ್ತಾರೆ. ಅದು ಕೆಲಸ ಮಾಡಬೇಕಾದರೆ ಕೆಳಗಿನ ಅರ್ಥಿಂಗ್ ಚೆನ್ನಾಗಿರಬೇಕು. ಮಲೆನಾಡಿನ ಜಂಬಿಟ್ಟಿಗೆ ನೆಲವು ಒಣಗಿದಾಗ ವಿದ್ಯುತ್ತನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಮುಂಗಾರಿಗೆ ಮೊದಲಿನ ಗುಡುಗು ಮಳೆ ಬರುವುದೂ ನೆಲ ಅತ್ಯಂತ ಒಣಗಿರುವ ಅದೇ ವಾರಗಳಲ್ಲಿ. ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿಗೆ ಮಾರ್ಚ್‌ನಿಂದಲೇ ಆಗಾಗ ನೀರು ಹಾಕಿ, ಸವೆದ ಅರ್ಥ್ ತಂತಿಯನ್ನು ಬದಲಿಸಿದರೆ ಎಷ್ಟೋ ಟಿಸಿಗಳು ಉಳಿಯುತ್ತವೆ. ಖರ್ಚು ಕೆಲವು ಕೊಡ ನೀರಿನದು, ಆದರೂ ಬಿಟ್ಟುಹೋಗುವುದು ಅದೇ ಕೆಲಸ.

ಕರಾವಳಿಯಲ್ಲಿ ಬೇರೆ ಏನಾದರೂ ತೊಂದರೆ ಇದೆಯೆ?

ಉಪ್ಪಿನ ಗಾಳಿ. ಅಲ್ಯೂಮಿನಿಯಂ ತಂತಿಯ ನಡುವಿನ ಉಕ್ಕಿನ ಎಳೆ ಒಳಗೊಳಗೇ ತುಕ್ಕು ಹಿಡಿದು, ಹೊರಗೆ ಚೆನ್ನಾಗಿ ಕಾಣುವ ತಂತಿ ಒಂದು ದಿನ ತುಂಡಾಗುತ್ತದೆ. ಇನ್ಸುಲೇಟರಿನ ಮೇಲೆ ಕುಳಿತ ಉಪ್ಪು ಇಬ್ಬನಿಗೆ ತೊಯ್ದಾಗ ಅದರ ಮೇಲ್ಮೈಯಲ್ಲೇ ಕಿಡಿ ಹರಿಯುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರಕ್ಕೆ ಅಪ್ಪಳಿಸದೆ ಸಮುದ್ರದ ಮೇಲೆಯೇ ಉತ್ತರಕ್ಕೆ ಸಾಗಿ ಗುಜರಾತಿನಲ್ಲಿ ನೆಲ ಮುಟ್ಟಿತು. ಪಕ್ಕದಲ್ಲಿ ಹಾದುಹೋದಷ್ಟಕ್ಕೇ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಲ್ಲಿ ಕಂಬಗಳು ಉರುಳಿದ್ದವು.

ಬರಗಾಲವನ್ನೂ ವಿದ್ಯುತ್ ಜಾಲದ ವಿಪತ್ತು ಎನ್ನಬಹುದೆ?

ಖಂಡಿತ ಎನ್ನಬೇಕು. ಬಿರುಗಾಳಿ ತಂತಿ ಹರಿಯುತ್ತದೆ, ಬರ ತಂತಿಯಲ್ಲಿ ಹರಿಯಬೇಕಾದ ವಿದ್ಯುತ್ತನ್ನೇ ಕಡಿಮೆ ಮಾಡುತ್ತದೆ. 2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ಲಿಂಗನಮಕ್ಕಿ, ಸೂಪಾದಂಥ ಜಲಾಶಯಗಳು ತುಂಬದೆ ಉಳಿದದ್ದರಿಂದ ಬೇಸಿಗೆಗೆಂದು ನೀರನ್ನು ಹಿಡಿದಿಟ್ಟುಕೊಳ್ಳಬೇಕಾಯಿತು. ಮಳೆಗಾಲದಲ್ಲಿ ಮಲಗಿರುತ್ತಿದ್ದ ಪಂಪ್‌ಸೆಟ್ಟುಗಳು ಅದೇ ಹೊತ್ತಿಗೆ ಒಣಗುತ್ತಿದ್ದ ಬೆಳೆ ಉಳಿಸಲು ಒಟ್ಟಿಗೆ ಓಡತೊಡಗಿದವು. ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳಿವೆ ಎಂಬುದನ್ನು ನೆನೆದರೆ ಹೊರೆಯ ಅಂದಾಜು ಸಿಗುತ್ತದೆ. ಮಳೆ ಕೈಕೊಟ್ಟಾಗ ಉತ್ಪಾದನೆ ಇಳಿಯುವುದೂ ಬೇಡಿಕೆ ಏರುವುದೂ ಒಂದೇ ಸಲ ನಡೆಯುತ್ತದೆ.

ಆ ಅಕ್ಟೋಬರಿನಲ್ಲಿ ಸರ್ಕಾರ 2003ರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯದ ಜಾಲಕ್ಕೇ ಕೊಡಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ವಿನಿಮಯದ ಕರಾರಿನ ಮೇಲೆ ವಿದ್ಯುತ್ ಪಡೆದು, ಮುಂದಿನ ಮಳೆಗಾಲದಲ್ಲಿ ಹಿಂತಿರುಗಿಸುವುದೆಂದು ಒಪ್ಪಿಕೊಂಡಿತು. ನಮ್ಮಲ್ಲಿ ಗಾಳಿಯಂತ್ರಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚು ತಿರುಗುವುದರಿಂದ ಇಂಥ ಕೈಗಡ ಎರಡೂ ಕಡೆಗೆ ಒಪ್ಪುವ ವ್ಯವಹಾರ. 2013ರಲ್ಲಿ ಸೇರಿಸಿದ ರಾಯಚೂರು–ಸೊಲ್ಲಾಪುರದ ಕೊಂಡಿಯಂಥವು ಇಲ್ಲದಿದ್ದರೆ ಅಷ್ಟು ದೂರದ ಸಾಲ ತರುವುದು ಕಷ್ಟವಾಗುತ್ತಿತ್ತು. 2024ರ ಬೇಸಿಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿದಾಗಲೂ ಜಾಲ ನಿಂತುಕೊಂಡಿತು. ಪಾವಗಡದ ಸೌರ ಪಾರ್ಕಿನಂಥವುಗಳಿಂದ ಹಗಲು ದೊರೆತ ವಿದ್ಯುತ್ತಿನ ನೆರವು ಅದರಲ್ಲಿ ದೊಡ್ಡದು.

ಬಿಸಿಲು ತಂತಿ, ಟಿಸಿಗಳನ್ನು ಏನು ಮಾಡುತ್ತದೆ?

ತಂತಿ ಕಾದಷ್ಟೂ ಉದ್ದವಾಗಿ ಜೋತುಬೀಳುತ್ತದೆ, ಹೀಗಾಗಿ ಅದರಲ್ಲಿ ಸಾಗಿಸಬಹುದಾದ ವಿದ್ಯುತ್ತಿನ ಮಿತಿ ಇಳಿಯುತ್ತದೆ. ಟಿಸಿಯೊಳಗಿನ ನಿರೋಧಕ ಕಾಗದದ ಉಷ್ಣತೆ ಮಿತಿಗಿಂತ ಸುಮಾರು 6 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ನಂಬುವ ಲೆಕ್ಕ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ರಾತ್ರಿಯೂ ಕೂಲರ್, ಫ್ಯಾನ್ ನಿಲ್ಲದಿರುವಾಗ ಟಿಸಿಗೆ ಆರಿಕೊಳ್ಳಲು ಹೊತ್ತೇ ಸಿಗುವುದಿಲ್ಲ.

ಎಲ್ಲ ತಂತಿಗಳನ್ನೂ ನೆಲದಡಿ ಹಾಕಿಬಿಟ್ಟರೆ ಆಗದೆ?

ನಗರಗಳಿಗೆ ಇದು ಒಳ್ಳೆಯ ದಾರಿ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತಕ್ಕೆ ನೆಲಕಚ್ಚಿದ ವಿಶಾಖಪಟ್ಟಣದಲ್ಲಿ ಆನಂತರ ವಿಶ್ವಬ್ಯಾಂಕಿನ ನೆರವಿನಿಂದ ನೆಲದಡಿಯ ಕೇಬಲ್ ಹಾಕುವ ಕೆಲಸ ಕೈಗೊಳ್ಳಲಾಯಿತು. ಬೆಂಗಳೂರಿನಲ್ಲಿಯೂ ಅಂಥದೇ ಕೆಲಸ ನಡೆದಿದೆ. ಕಾಡುದಾರಿಯ ಹಳ್ಳಿಗೆ ಇದನ್ನೇ ಹೇಳುವುದು ಕಷ್ಟ. ಖರ್ಚು ಹಲವು ಪಟ್ಟು, ಬಂಡೆಯ ನೆಲ, ಗುಡ್ಡ ಜರಿದರೆ ಕೇಬಲ್ಲೂ ಜರಿಯುತ್ತದೆ, ಕೆಟ್ಟರೆ ಕಣ್ಣಿಗೆ ಕಾಣದ ದೋಷವನ್ನು ಯಂತ್ರ ತರಿಸಿ ಹುಡುಕಬೇಕು. ಮಲೆನಾಡಿಗೆ ಹೆಚ್ಚು ಹೊಂದುವುದು ಹೊದಿಕೆಯಿರುವ ತಂತಿ ಮತ್ತು ಒಟ್ಟಿಗೆ ಹೆಣೆದ ಎಬಿ ಕೇಬಲ್. ಕೊಂಬೆ ಸವರಿದರೂ ಇವು ಟ್ರಿಪ್ ಆಗುವುದಿಲ್ಲ. ಇದರೊಂದಿಗೆ ಫೀಡರ್ ಉದ್ದ ತಗ್ಗಿಸುವ ಸಣ್ಣ ಉಪಕೇಂದ್ರಗಳು, ಕಾಡನ್ನು ಬಿಟ್ಟು ರಸ್ತೆಯ ಪಕ್ಕಕ್ಕೆ ಸ್ಥಳಾಂತರಿಸಿದ ಮಾರ್ಗ, ಇನ್ನೊಂದು ದಿಕ್ಕಿನಿಂದಲೂ ವಿದ್ಯುತ್ ತರಬಲ್ಲ ಜೋಡಣೆ ಇವು ಬೇಕು. ಹಣ ಸೀಮಿತವಾಗಿದ್ದರೆ ಮೊದಲು ಎಬಿ ಕೇಬಲ್, ಆಮೇಲೆ ಉಳಿದದ್ದು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಮನೆ ಮೇಲೆ ಸೋಲಾರ್ ಹಾಕಿಸಿದ್ದೇವೆ, ಆದರೂ ಕರೆಂಟ್ ಹೋದಾಗ ಅದೂ ನಿಲ್ಲುತ್ತದಲ್ಲ?

ಜಾಲಕ್ಕೆ ಜೋಡಿಸಿದ ಸೋಲಾರ್ ವ್ಯವಸ್ಥೆ ಹಾಗೆ ನಿಲ್ಲಲೇಬೇಕು. ನಿಲ್ಲದಿದ್ದರೆ ನಿಮ್ಮ ಛಾವಣಿಯ ವಿದ್ಯುತ್ ಹೊರಗಿನ ತಂತಿಗೆ ಹರಿದು, ಲೈನ್ ಸತ್ತಿದೆಯೆಂದು ನಂಬಿ ಕೆಲಸಕ್ಕೆ ಕೈಹಾಕಿದವರ ಜೀವಕ್ಕೆ ಕುತ್ತು ತರುತ್ತದೆ. ಕತ್ತಲೆಯಲ್ಲೂ ಬಳಸಬೇಕಾದರೆ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಬೇಕು. ಜನರೇಟರ್ ಇಟ್ಟುಕೊಂಡವರು, ಮನೆಯನ್ನು ಹೊರಗಿನ ತಂತಿಯಿಂದ ಬಿಡಿಸಿ ಜನರೇಟರಿಗೆ ಹೊರಳಿಸುವ ಚೇಂಜೋವರ್ ಸ್ವಿಚ್ ಇಲ್ಲದೆ ಅದನ್ನು ಮನೆಯ ವೈರಿಂಗಿಗೆ ಎಂದಿಗೂ ಸೇರಿಸಬಾರದು.

ದೊಡ್ಡ ವಿಪತ್ತಿನಿಂದ ಬೇಗ ಚೇತರಿಸಿಕೊಂಡವರು ಏನು ಮಾಡಿದರು?

2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಕಡಿದುಹೋಗಿದ್ದವು. ನಿವೃತ್ತ ನೌಕರರನ್ನೂ ಗುತ್ತಿಗೆದಾರರನ್ನೂ ಕರೆಸಿಕೊಂಡ ಅಲ್ಲಿನ ವಿದ್ಯುತ್ ಮಂಡಳಿ ಆ ತಿಂಗಳು ಮುಗಿಯುವುದರೊಳಗೆ ಬಹುಪಾಲನ್ನು ಮರಳಿ ಜೋಡಿಸಿತು. ಮುಳುಗಿ ವೈರಿಂಗ್ ಕೆಟ್ಟ ಮನೆಗಳಿಗೆ, ಗೋಡೆ ಒಣಗುವವರೆಗೆ ಕಾಯಿಸದೆ, ಒಂದು ದೀಪ ಮತ್ತು ಒಂದು ಪ್ಲಗ್‌ನಷ್ಟು ತಾತ್ಕಾಲಿಕ ಸಂಪರ್ಕ ಕೊಟ್ಟದ್ದು ಬಹಳ ವಿವೇಕದ ಕ್ರಮ. ಒಡಿಶಾದ ಪುರಿಯ ಬಳಿ 2019ರ ಮೇ 3ರಂದು ನೆಲ ಮುಟ್ಟಿದ ಫೋನಿ ಚಂಡಮಾರುತ ಒಂದೂವರೆ ಲಕ್ಷದಷ್ಟು ಕಂಬಗಳನ್ನು ಕೆಡವಿತು. ಮುನ್ನೆಚ್ಚರಿಕೆಯಿಂದ ಲಕ್ಷಾಂತರ ಜನರ ಜೀವ ಉಳಿಸಿದ ಆ ರಾಜ್ಯಕ್ಕೂ ಪುರಿ ಜಿಲ್ಲೆಗೆ ವಿದ್ಯುತ್ ಮರಳಿಸಲು ವಾರಗಟ್ಟಲೆ ಬೇಕಾಯಿತು. ಕಂಬ, ತಂತಿ, ಇನ್ಸುಲೇಟರ್‌ಗಳ ದಾಸ್ತಾನು ಮಳೆಗಾಲಕ್ಕೆ ಮೊದಲೇ ತಾಲ್ಲೂಕಿನ ಉಗ್ರಾಣದಲ್ಲಿ ಇರಬೇಕು ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಇಡೀ ಜಾಲ ಕುಸಿದರೆ ಮತ್ತೆ ಹೇಗೆ ಎಬ್ಬಿಸುತ್ತಾರೆ?

ಕಲ್ಲಿದ್ದಲಿನ ಸ್ಥಾವರ ಶುರುವಾಗಲಿಕ್ಕೇ ಹೊರಗಿನಿಂದ ಸಾಕಷ್ಟು ವಿದ್ಯುತ್ ಬೇಕು. ಜಲವಿದ್ಯುತ್ ಕೇಂದ್ರಕ್ಕೆ ಗೇಟು ತೆರೆಯುವಷ್ಟು ಇದ್ದರೆ ಸಾಕು, ನಿಮಿಷಗಳಲ್ಲಿ ತಿರುಗುತ್ತದೆ. ಆದ್ದರಿಂದ ಮೊದಲು ಜಲವಿದ್ಯುತ್ತಿನಿಂದ ಒಂದು ಸಣ್ಣ ದ್ವೀಪ (ಬೇರೆಯಾಗಿ ನಡೆಯುವ ಜಾಲದ ತುಂಡು) ಕಟ್ಟಿ, ಅದರಿಂದ ದೊಡ್ಡ ಸ್ಥಾವರಗಳಿಗೆ ಕಿಡಿ ಕೊಟ್ಟು, ದ್ವೀಪಗಳನ್ನು ಒಂದೊಂದಾಗಿ ಬೆಸೆಯುತ್ತಾರೆ. ಜಲಾಶಯದಲ್ಲಿ ಸ್ವಲ್ಪ ನೀರನ್ನು ಸದಾ ಕಾದಿಡುವುದರ ಬೆಲೆಯನ್ನು ಹಣದಲ್ಲಿ ಮಾತ್ರ ಲೆಕ್ಕ ಹಾಕಬಾರದು.

ತಂತಿ ತುಂಡಾಗಿ ಬಿದ್ದಿರುವುದು ಕಂಡರೆ ಏನು ಮಾಡಬೇಕು?

ಕರೆಂಟ್ ಇಲ್ಲದ ಊರಿನಲ್ಲಿ ಬಿದ್ದ ತಂತಿಯನ್ನೂ ಮುಟ್ಟಬಾರದು, ಅದು ಯಾವ ಗಳಿಗೆಯಲ್ಲಾದರೂ ಚಾರ್ಜ್ ಆಗಬಹುದು. ಹತ್ತಿರದಲ್ಲಿದ್ದರೆ ಎರಡೂ ಪಾದಗಳನ್ನು ಜೋಡಿಸಿ, ನೆಲ ಬಿಡದೆ ಎಳೆಯುತ್ತ ದೂರ ಸರಿಯಿರಿ. ಉದ್ದ ಹೆಜ್ಜೆಯಿಟ್ಟರೆ ಎರಡು ಪಾದಗಳ ನಡುವೆಯೇ ವಿದ್ಯುತ್ ಹರಿಯುತ್ತದೆ. ದನಕರುಗಳಿಗೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅವುಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ. ಯಾರಾದರೊಬ್ಬರನ್ನು ದಾರಿಗೆ ಕಾವಲು ನಿಲ್ಲಿಸಿ, 1912 ಸಹಾಯವಾಣಿಗೂ ಶಾಖಾ ಕಚೇರಿಗೂ ಕರೆ ಮಾಡಿ.

ನಮ್ಮ ಒಂಟಿಮನೆಗೆ ಯಾವಾಗಲೂ ಕೊನೆಗೇ ಕರೆಂಟ್ ಬರುವುದೇಕೆ?

ದುರಸ್ತಿ ಉಪಕೇಂದ್ರದಿಂದ ಆರಂಭವಾಗಿ ಮುಖ್ಯ ಫೀಡರ್, ಕವಲು, ಟಿಸಿ, ಎಲ್‌ಟಿ (ಕಡಿಮೆ ವೋಲ್ಟೇಜಿನ) ತಂತಿ, ಕೊನೆಗೆ ಮನೆಯ ಸರ್ವಿಸ್ ವೈರ್ ಎಂಬ ಕ್ರಮದಲ್ಲಿ ಇಳಿದು ಬರುತ್ತದೆ. ಮೇಲಿನದು ಸರಿಯಾಗದೆ ಕೆಳಗಿನದನ್ನು ಸರಿಮಾಡಿ ಫಲವಿಲ್ಲ. ಒಂದು ಟಿಸಿ ಸರಿಯಾದರೆ ನೂರು ಮನೆಗೆ ಬೆಳಕು ಬರುವಾಗ, ನಾಲ್ಕು ಮನೆಯ ಕವಲು ಹಿಂದೆ ಬೀಳುತ್ತದೆ. ಆದರೆ ಆ ನಾಲ್ಕು ಮನೆಗಳಲ್ಲಿ ಒಂದರಲ್ಲಿ ಆಮ್ಲಜನಕದ ಯಂತ್ರದ ಮೇಲಿರುವ ಹಿರಿಯರಿರಬಹುದು. ಅಂಥ ಮನೆಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಮತ್ತು ಆಶಾ ಕಾರ್ಯಕರ್ತೆಯರ ನೆರವಿನಿಂದ ಮೇ ತಿಂಗಳಲ್ಲೇ ಸಿದ್ಧಪಡಿಸಿ ಶಾಖಾ ಕಚೇರಿಗೆ ಕೊಡುವುದು ಸಾಧ್ಯವಿರುವ ಕೆಲಸ. ನೀವು ಮಾಡಬಹುದಾದದ್ದೂ ಒಂದಿದೆ. ನಿಮ್ಮ ಟಿಸಿಯ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆಯನ್ನು ಇಂದೇ ನೋಡಿ, ಮೀಟರ್ ಬೋರ್ಡಿನ ಪಕ್ಕ ಬರೆದಿಡಿ. ದೂರು ಕೊಡುವಾಗ ಆ ಸಂಖ್ಯೆಯನ್ನೂ ಮರ ಬಿದ್ದ ಜಾಗದ ಗುರುತನ್ನೂ ಹೇಳಿದರೆ, ಮಳೆಯಲ್ಲಿ ಕಂಬದಿಂದ ಕಂಬಕ್ಕೆ ನಡೆಯುವವರಿಗೆ ಎರಡು ಮೂರು ಗಂಟೆಯ ಹುಡುಕಾಟ ಉಳಿಯುತ್ತದೆ.